ಏಳನೆಯ ಬಿಟ್ಟಿನ ಅರ್ಥ

2011ರ ಮಳೆಗಾಲ. ಆಗ ನಾನು ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿಳಿದು ವಾಶಿ ಕಡೆಯ ಇನ್ನೊಂದು ಗಾಡಿ, ಕೋಪರ್‌ಖೈರಣೆಯಲ್ಲಿ ಇಳಿದು ಷೇರ್ ಆಟೊ. ಕಂಪನಿ ತಯಾರಿಸುತ್ತಿದ್ದದ್ದು ಒಂದು ಲೋಹದ ಪೆಟ್ಟಿಗೆ. ಕಾರ್ಖಾನೆಗಳ ವಿದ್ಯುತ್ ಮೀಟರುಗಳನ್ನು ಓದುವುದು, ಬಂದ ಅಂಕಿಯನ್ನು ಆಯಾ ಮೀಟರಿನ ಗುಣಕದಿಂದ ಗುಣಿಸುವುದು, ಲೆಕ್ಕವನ್ನು ಮುಖ್ಯ ಕಚೇರಿಗೆ ಕಳಿಸುವುದು, ಇಷ್ಟೇ ಅದರ ಕೆಲಸ. ಒಳಗೆ ಎಆರ್‌ಎಂ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಗುಣಕಗಳ ಪಟ್ಟಿ ಬ್ಯಾಟರಿ ಆಧಾರದ ಮೆಮೊರಿಯಲ್ಲಿ ಇರುತ್ತಿತ್ತು. ಆ ಜಾಗವನ್ನು ಉಳಿದ ಪ್ರೋಗ್ರಾಮುಗಳಿಗೆ ‘ಓದಲು ಮಾತ್ರ’ ಎಂದು ತೆರೆದುಕೊಡುವ ಡ್ರೈವರನ್ನು 2008ರಲ್ಲಿ ಬರೆದವನು ನಾನೇ.

ಆ ವರ್ಷ ಬೇಸಿಗೆಯಲ್ಲಿ ಕರ್ನಲ್ಲನ್ನು 2.6.38ಕ್ಕೆ ಏರಿಸಿದೆವು. ಜುಲೈ ಹೊತ್ತಿಗೆ ಎರಡು ಕಡೆಯಿಂದ ದೂರು ಬಂತು. ಲೆಕ್ಕ ತಪ್ಪಿದೆ, ಅದೂ ಅಲ್ಪಸ್ವಲ್ಪವಲ್ಲ. ಪೆಟ್ಟಿಗೆ ತರಿಸಿ ನೋಡಿದರೆ ಗುಣಕಗಳ ಪಟ್ಟಿಯೇ ಹಾಳಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಕಲ್ಯಾಣ್‌ನಿಂದ ಬರುತ್ತಿದ್ದ ಒಬ್ಬ ಹುಡುಗಿ ಬರೆದ ಹೊಸ ಕೋಡ್. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಮನೆಯವರು ವಿಜಯಪುರದ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಅಪರೂಪಕ್ಕೆ ಓಡುವ ಒಂದು ದಾರಿಯಲ್ಲಿ ಮೆಮೊರಿ ನಕಲು ಮಾಡುವಾಗ ‘ಎಲ್ಲಿಗೆ’, ‘ಎಲ್ಲಿಂದ’ ಎರಡೂ ಅದಲುಬದಲಾಗಿದ್ದವು. ಪಟ್ಟಿಯಿಂದ ತೆಗೆದುಕೊಳ್ಳುವ ಬದಲು ಪಟ್ಟಿಯ ಮೇಲೆಯೇ ಬರೆಯುತ್ತಿತ್ತು.

ಮೀಟಿಂಗಿನಲ್ಲಿ ಎಲ್ಲರೂ ಅವಳ ಕಡೆ ನೋಡಿದರು. ಅವಳು ತಪ್ಪು ಒಪ್ಪಿಕೊಂಡಳು. ಆಮೇಲೆ ಮೆಲ್ಲಗೆ ಕನ್ನಡದಲ್ಲಿ ನನ್ನನ್ನು ಕೇಳಿದಳು: “ಸರ್, ಅದು ಓದೋಕೆ ಮಾತ್ರ ಇರೋ ಜಾಗ ಅಲ್ಲೇನ್ರಿ? ನಾ ಅಲ್ಲಿ ಬರದ್ರ ಪ್ರೋಗ್ರಾಂ ಅಲ್ಲೇ ಸಾಯಬೇಕಿತ್ತು. ಯಾಕ ಸಾಯಲಿಲ್ಲ?”

ನಾನು ಲ್ಯಾಪ್‌ಟಾಪಿನಲ್ಲಿ ನನ್ನ ಡ್ರೈವರ್ ತೆರೆದು, ಆ ಸಾಲಿನ ಪಕ್ಕದ ಕಾಮೆಂಟನ್ನು ಎಲ್ಲರ ಮುಂದೆ ಓದಿ ಹೇಳಿದೆ. ಏಳನೆಯ ಬಿಟ್ ತೆಗೆದರೆ ಬರೆಯುವ ಅನುಮತಿ ಹೋಗುತ್ತದೆ ಎಂದು ಅಲ್ಲಿತ್ತು. ಕೋಡ್ ಆ ಬಿಟ್ ತೆಗೆಯುತ್ತಲೂ ಇತ್ತು. ಮಾತು ಮುಗಿಯಿತು.

ಅವಳ ಪ್ರಶ್ನೆ ಸರಿಯಾಗಿತ್ತು, ನನ್ನ ಕಾಮೆಂಟು ಸುಳ್ಳಾಗಿತ್ತು. ಅದು ನನಗೆ ತಿಳಿಯಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನಗಳಲ್ಲಿ ಮತ್ತು ಆಮೇಲಿನ ವರ್ಷಗಳಲ್ಲಿ ಈ ಪುಟ್ಟ ಬಿಟ್ಟುಗಳ ಬಗ್ಗೆ, ಅವುಗಳ ಪಕ್ಕ ಬರೆದಿಟ್ಟ ಟಿಪ್ಪಣಿಗಳ ಬಗ್ಗೆ ನಾನು ಓದಿಕೊಂಡದ್ದೇ ಈ ಬರಹ.

ಮೊದಲು ಬಿಟ್ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಮೆಮೊರಿಯನ್ನು ಪುಟಗಳಾಗಿ ಹಂಚಿರುತ್ತಾರೆ, ಸಾಮಾನ್ಯವಾಗಿ ಪುಟವೊಂದಕ್ಕೆ 4096 ಬೈಟ್. ಯಾವ ಪುಟ ಎಲ್ಲಿದೆ, ಅದರ ಮೇಲೆ ಯಾರಿಗೆ ಏನು ಹಕ್ಕು ಎಂಬುದಕ್ಕೆ ಒಂದು ದಾಖಲೆ ಪುಸ್ತಕವಿದೆ, ಅದೇ ಪೇಜ್ ಟೇಬಲ್. ನಮ್ಮ ಪಹಣಿ, ಇಲ್ಲಿ ಮಹಾರಾಷ್ಟ್ರದ ಸಾತ್‌ಬಾರಾ ಇದ್ದ ಹಾಗೆ. ಒಂದೊಂದು ಪುಟಕ್ಕೂ ಒಂದೊಂದು ನಮೂದು, ನಮೂದಿನಲ್ಲಿ ವಿಳಾಸ, ವಿಳಾಸದ ಪಕ್ಕದಲ್ಲಿ ಕೆಲವು ಹೌದು–ಅಲ್ಲಗಳು: ಓದಬಹುದೇ, ಬರೆಯಬಹುದೇ, ಅಲ್ಲಿರುವುದನ್ನು ಆಜ್ಞೆಯೆಂದು ಓಡಿಸಬಹುದೇ, ಸಾಮಾನ್ಯ ಪ್ರೋಗ್ರಾಮಿಗೆ ಪ್ರವೇಶ ಇದೆಯೇ, ಅಥವಾ ಕರ್ನಲ್ಲಿಗೆ ಮಾತ್ರವೇ. ಪ್ರೋಗ್ರಾಂ ಮೆಮೊರಿ ಮುಟ್ಟಿದಾಗಲೆಲ್ಲ ಪ್ರೊಸೆಸರ್ ಈ ನಮೂದು ನೋಡುತ್ತದೆ. ಹಕ್ಕಿಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಇದರ ಮೂಲ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ, 1962ರದು. ಅದರಲ್ಲಿ 512 ಪದಗಳ ಪುಟ, ಮೂವತ್ತೆರಡು ಪುಟಗಳಿಗೆ ಮೂವತ್ತೆರಡು ರಿಜಿಸ್ಟರ್, ಪ್ರತಿಯೊಂದಕ್ಕೂ ಒಂದು ಬೀಗದ ಅಂಕಿ. ಅಂದರೆ ಪುಟಕ್ಕೆ ಇದ್ದದ್ದು ಒಂದೇ ಅನುಮತಿ: ಬೀಗ ಹಾಕಿದೆ ಅಥವಾ ಇಲ್ಲ. ಪಿಡಿಪಿ–11 ಬರುವ ಹೊತ್ತಿಗೆ ‘ಓದಲು ಮಾತ್ರ’, ‘ಓದಿ ಬರೆಯಲು’ ಎಂಬ ವಿಂಗಡಣೆ ಬಂದಿತ್ತು. 1975ರ ಆರನೆಯ ಆವೃತ್ತಿಯ ಯುನಿಕ್ಸಿನಲ್ಲಿ ಇವೆರಡಕ್ಕೂ ಅಷ್ಟಮಾನದಲ್ಲಿ 02, 06 ಎಂಬ ಸಂಖ್ಯೆಗಳಿವೆ, ಪಕ್ಕದಲ್ಲಿ ಎರಡು ಪದದ ಟಿಪ್ಪಣಿ. ಆ ಕಾಲದ ಯುನಿಕ್ಸ್ ಕೋಡಿನಲ್ಲಿ ಕಾಮೆಂಟು ಅಂದರೆ ಮಿತವ್ಯಯ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜಾನ್ ಲಯನ್ಸ್ ಆ ಕೋಡಿಗೆ ಇಡೀ ಒಂದು ಭಾಷ್ಯವನ್ನೇ ಬರೆಯಬೇಕಾಗಿ ಬಂದದ್ದು ಅದಕ್ಕೇ. 1979ರ ಏಳನೆಯ ಆವೃತ್ತಿಯ ಲೈಸೆನ್ಸಿನಲ್ಲಿ ಎಟಿ ಆ್ಯಂಡ್ ಟಿ ಕಂಪನಿ ಆ ಕೋಡನ್ನು ತರಗತಿಯಲ್ಲಿ ಕಲಿಸಕೂಡದು ಎಂದಿತು. ಭಾಷ್ಯ ಜೆರಾಕ್ಸಿನ ಜೆರಾಕ್ಸಾಗಿ ಜಗತ್ತು ಸುತ್ತಿತು. ಪುಸ್ತಕವಾಗಿ ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ಸೂತ್ರಕ್ಕಿಂತ ಭಾಷ್ಯ ದೊಡ್ಡದಾಗುವುದು ನಮಗೇನೂ ಹೊಸದಲ್ಲ, ಆದರೆ ಭಾಷ್ಯವನ್ನು ಗುಟ್ಟಾಗಿ ಓದಬೇಕಾದ ಪರಿಸ್ಥಿತಿ ವಿಚಿತ್ರವೇ.

1996 ನನಗೆ ನೆನಪಿರುವುದು ಬೇರೆ ಕಾರಣಕ್ಕೆ. ಆ ವರ್ಷ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ತುಂಬಿದ ಸಿಡಿಯನ್ನು ಸಂಚಿಕೆಯ ಜೊತೆಗೆ ಕೊಟ್ಟಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಮುಂದೆ ‘ಲಿನಕ್ಸ್ ಬೆಂಗಳೂರು’ ಸಮಾವೇಶಗಳನ್ನು ಕಟ್ಟಿದವರೂ ಅವರೇ. ಇಂಟರ್ನೆಟ್ ಸಾರ್ವಜನಿಕರಿಗೆ ಸಿಗತೊಡಗಿ ಆಗಿನ್ನೂ ವರ್ಷವಾಗಿತ್ತಷ್ಟೆ, ಅದೂ ಟೆಲಿಫೋನ್ ತಂತಿಯ ಮೇಲೆ ಆಮೆ ನಡಿಗೆ. ಒಂದು ಇಡೀ ಆಪರೇಟಿಂಗ್ ಸಿಸ್ಟಮ್ಮು, ಅದರ ಮೂಲ ಕೋಡಿನ ಸಮೇತ, ಡೊಂಬಿವಲಿ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ 486ರ ಮೇಲೆ ಅದನ್ನು ಹಾಕಲು ನಾನು ಮತ್ತು ಪಕ್ಕದ ಕಟ್ಟಡದ ಗೆಳೆಯ ಎರಡು ಭಾನುವಾರ ಕಳೆದೆವು. ಬೇರೆಯವರ ಕೋಡಿನ ಕಾಮೆಂಟುಗಳನ್ನು ನಾನು ಮೊದಲ ಸಲ ಓದಿದ್ದು ಹೀಗೆ.

ಮುಂದೆ, 2.4 ಕರ್ನಲ್ಲಿನ ದಿನಗಳಲ್ಲಿ, ಯಂತ್ರ ಹೊತ್ತಿಕೊಳ್ಳುವಾಗ ಪರದೆಯ ಮೇಲೆ ಒಂದು ಸಾಲು ಹಾದುಹೋಗುತ್ತಿತ್ತು. ಈ ಪ್ರೊಸೆಸರ್ ತಾನು ಕರ್ನಲ್ ಆಗಿ ಓಡುವಾಗಲೂ ಬರಹ–ನಿಷೇಧದ ಬಿಟ್ಟಿಗೆ ಮರ್ಯಾದೆ ಕೊಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇನೆ ಎಂಬ ಅರ್ಥದ್ದು, ಕೊನೆಯಲ್ಲಿ ಒಂದು ‘ಓಕೆ’. ಎಷ್ಟೋ ಸಲ ನೋಡಿಯೂ ಇದೇನು ಎಂದು ಯೋಚಿಸಿರಲಿಲ್ಲ. ಅದರ ಹಿಂದೆ ಒಂದು ದೊಡ್ಡ ಕಥೆಯೇ ಇದೆ.

ಇಂಟೆಲ್ 1985ರಲ್ಲಿ 386 ಪ್ರೊಸೆಸರನ್ನು ತಂದಾಗ ಪೇಜ್ ಟೇಬಲಿನ ನಮೂದು 32 ಬಿಟ್. ಅದರಲ್ಲಿ 20 ವಿಳಾಸಕ್ಕೆ, 12 ಉಳಿದದ್ದಕ್ಕೆ. ಸೊನ್ನೆಯಿಂದ ಎಣಿಸಿದರೆ ಮೊದಲನೆಯದು ಪುಟ ಇದೆಯೇ ಇಲ್ಲವೇ ಎಂಬುದು, ಬಿಟ್ 1 ಬರೆಯಬಹುದೇ ಎಂಬುದು, ಬಿಟ್ 2 ಸಾಮಾನ್ಯ ಪ್ರೋಗ್ರಾಮಿಗೂ ಇದೆಯೇ ಎಂಬುದು. ಆದರೆ ಒಂದು ವಿನಾಯಿತಿ ಇತ್ತು. ಕರ್ನಲ್ ಓಡುತ್ತಿರುವಾಗ ಬಿಟ್ 1ನ್ನು ಪ್ರೊಸೆಸರ್ ನೋಡುತ್ತಲೇ ಇರಲಿಲ್ಲ. ಠಾಣೆ ಸೇತುವೆಯ ಮೇಲೆ ಟಿಸಿ ಎಲ್ಲರ ಪಾಸ್ ನೋಡುತ್ತಾನೆ, ಅವನ ಪಾಸ್ ಕೇಳುವವರಿಲ್ಲ. ಕರ್ನಲ್ ಎಂದರೆ ಯಜಮಾನ, ಅವನಿಗೆ ತಡೆ ಯಾಕೆ ಎಂದು ಇಂಟೆಲ್ಲಿನವರು ಭಾವಿಸಿರಬೇಕು.

ತಡೆ ಬೇಕು, ಯಾಕೆಂದರೆ ‘ಓದಲು ಮಾತ್ರ’ ಎಂಬ ಬಿಟ್ಟನ್ನು ಯುನಿಕ್ಸ್ ಬಗೆಯ ವ್ಯವಸ್ಥೆಗಳು ಇನ್ನೊಂದು ಕೆಲಸಕ್ಕೂ ಬಳಸುತ್ತವೆ. ಒಂದು ಪ್ರೋಗ್ರಾಂ ತನ್ನ ಮರಿಯನ್ನು ಹುಟ್ಟಿಸಿದಾಗ ಎಲ್ಲ ಪುಟಗಳನ್ನೂ ಕೂಡಲೇ ನಕಲು ಮಾಡುವುದಿಲ್ಲ. ತಾಯಿ–ಮರಿ ಇಬ್ಬರೂ ಅದೇ ಪುಟಗಳನ್ನು ಹಂಚಿಕೊಳ್ಳುತ್ತಾರೆ, ಎಲ್ಲದರ ಮೇಲೂ ‘ಓದಲು ಮಾತ್ರ’ ಮುದ್ರೆ. ಯಾರಾದರೂ ಬರೆಯಲು ಹೋದಾಗ ಪ್ರೊಸೆಸರ್ ತಡೆಯುತ್ತದೆ, ಕರ್ನಲ್ ಬಂದು ಆ ಒಂದು ಪುಟವನ್ನು ನಕಲು ಮಾಡಿ ಕೊಡುತ್ತದೆ. ಇಲ್ಲಿ ನಿಷೇಧ ನಿಜವಾದ ನಿಷೇಧವಲ್ಲ, ‘ಬರೆಯುವ ಮೊದಲು ನನ್ನನ್ನು ಕೂಗು’ ಎಂಬ ಗುರುತು. ಈಗ ಮರಿ ಒಂದು ಫೈಲ್ ಓದಲು ಕೇಳಿತು ಎನ್ನಿ. ಫೈಲಿನಲ್ಲಿದ್ದದ್ದನ್ನು ಅದರ ಪುಟಕ್ಕೆ ತುಂಬುವುದು ಕರ್ನಲ್. 386ರಲ್ಲಿ ಕರ್ನಲ್ಲಿಗೆ ತಡೆಯಿಲ್ಲ, ಹಾಗಾಗಿ ನಕಲೂ ಇಲ್ಲ, ಬರಹ ನೇರ ತಾಯಿಯ ಪುಟದ ಮೇಲೆ. ಇದನ್ನು ತಪ್ಪಿಸಲು ಲಿನಕ್ಸ್ 386ರ ಮೇಲೆ ಪ್ರತಿ ಸಲ ಬರೆಯುವ ಮೊದಲು ಪುಟ ಪುಟವನ್ನೂ ತಾನೇ ನೋಡಿಕೊಳ್ಳಬೇಕಿತ್ತು. 1989ರ 486ರಲ್ಲಿ ಇಂಟೆಲ್ ಒಂದು ನಿಯಂತ್ರಣ ಬಿಟ್ ಸೇರಿಸಿತು. ಅದನ್ನು ಹಾಕಿದರೆ ಯಜಮಾನನೂ ನಿಯಮಕ್ಕೆ ಒಳಪಡುತ್ತಾನೆ. ನನ್ನ ಪರದೆಯ ಮೇಲೆ ಹಾದುಹೋಗುತ್ತಿದ್ದ ಸಾಲು ಅದರ ಪರೀಕ್ಷೆ. 386ರ ಬೆಂಬಲವನ್ನೇ ಕಿತ್ತುಹಾಕುವ ಪ್ಯಾಚನ್ನು ಇಂಗೊ ಮೊಲ್ನಾರ್ ಕಳಿಸಿದ್ದು 2012ರ ಡಿಸೆಂಬರಿನಲ್ಲಿ. 1991ರಲ್ಲಿ ಲಿನಕ್ಸ್ ಹುಟ್ಟಿದ ಯಂತ್ರವೇ 386, ಆದರೂ ಲಿನಸ್ ಟೋರ್ವಾಲ್ಡ್ಸ್ ಕಣ್ಣೀರು ಹಾಕದೆ ಒಪ್ಪಿಕೊಂಡರು.

386ಕ್ಕೆ ಇನ್ನೊಂದು ಕೊರತೆಯೂ ಇತ್ತು. ‘ಓಡಿಸಬಹುದೇ’ ಎಂಬ ಬಿಟ್ ಪುಟದ ಮಟ್ಟದಲ್ಲಿ ಇರಲೇ ಇಲ್ಲ. ಓದಬಹುದಾದದ್ದೆಲ್ಲ ಓಡಿಸಬಹುದಾದದ್ದೇ. ಬರೆಯಬಹುದಾದದ್ದನ್ನೆಲ್ಲ ಓದಲೂಬಹುದು. ಆದರೆ ಪ್ರೋಗ್ರಾಂ ಬರೆಯುವವರು ಕರ್ನಲ್ಲನ್ನು ಕೇಳುವಾಗ ಓದು, ಬರೆ, ಓಡಿಸು ಮೂರನ್ನೂ ಬೇರೆ ಬೇರೆಯಾಗಿ ಕೇಳಬಹುದು. ಕೇಳಿದ್ದು ಒಂದು, ಯಂತ್ರ ಕೊಡುವುದು ಇನ್ನೊಂದು. ಈ ಅಂತರವನ್ನು ವಿವರಿಸಲು ಲಿನಕ್ಸಿನ ಮೆಮೊರಿ ಕೋಡಿನಲ್ಲಿ 1990ರ ದಶಕದಲ್ಲೇ ಯಾರೋ ಒಂದು ಕೋಷ್ಟಕವನ್ನು ಕಾಮೆಂಟಿನಲ್ಲಿ ಬರೆದಿಟ್ಟರು. ನನ್ನ ಮಟ್ಟಿಗೆ ಇಡೀ ಕರ್ನಲ್ಲಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕಾಮೆಂಟಿಲ್ಲ. ಕಂಸದೊಳಗೆ ಆಗಬೇಕಾದದ್ದು, ಕಂಸದ ಹೊರಗೆ ನಿಜಕ್ಕೂ ಆಗುವುದು. ಓದಲು ಕೇಳಿದ ಪುಟವನ್ನು ಓಡಿಸಬಹುದೇ? ಕಂಸದೊಳಗೆ ‘ಇಲ್ಲ’, ಹೊರಗೆ ‘ಹೌದು’. ಖಾಸಗಿ ಪುಟಕ್ಕೆ ಬರೆಯಲು ಕೇಳಿದರೆ ಎರಡೂ ಕಡೆ ‘ನಕಲು’. ಎಕ್ಸ್86 ಯಂತ್ರದ ಬಡತನವೇ ಇದಕ್ಕೆಲ್ಲ ಕಾರಣ ಎಂದು ಮೇಲೆ ಒಂದು ವಾಕ್ಯ. ಸರ್ಕಾರಿ ಕಡತಗಳಲ್ಲಿ ಇಂಥ ಎರಡು ಕಾಲಮ್ಮುಗಳಿದ್ದಿದ್ದರೆ ಎಂದು ನಾನು ಆಗಾಗ ಅಂದುಕೊಳ್ಳುವುದಿದೆ.

ಆ ‘ಹೌದು’ ಎಷ್ಟು ದುಬಾರಿಯಾಗಬಹುದು ಎಂಬುದು ಮೊದಲೇ ಗೊತ್ತಿತ್ತು. 1988ರ ನವೆಂಬರಿನ ಮೋರಿಸ್ ಹುಳು ವ್ಯಾಕ್ಸ್ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಒಂದು ಇದೇ. ದತ್ತಾಂಶ ಇರಬೇಕಾದ ಸ್ಟ್ಯಾಕಿನಲ್ಲಿ ಆಜ್ಞೆಗಳನ್ನು ತುಂಬಿಸಿ ಅವನ್ನೇ ಓಡಿಸುವುದು. ವ್ಯಾಕ್ಸಿನಲ್ಲೂ ಓಡಿಸುವುದಕ್ಕೆ ಪ್ರತ್ಯೇಕ ಅನುಮತಿ ಇರಲಿಲ್ಲ. ಎಎಂಡಿ ತನ್ನ 64 ಬಿಟ್ ಪ್ರೊಸೆಸರುಗಳಲ್ಲಿ, 2003ರಲ್ಲಿ, ನಮೂದಿನ ಕಟ್ಟಕಡೆಯ 63ನೆಯ ಬಿಟ್ಟನ್ನು ‘ಓಡಿಸಬೇಡ’ ಎಂಬುದಕ್ಕೆ ಮೀಸಲಿಟ್ಟಿತು. ಮರುವರ್ಷ ಇಂಟೆಲ್ಲೂ ಅನುಸರಿಸಿತು, ಲಿನಕ್ಸೂ ಬಳಸತೊಡಗಿತು. ತಮಾಷೆ ಏನೆಂದರೆ ಕೋಷ್ಟಕ ಮಾತ್ರ ಹಾಗೇ ಉಳಿಯಿತು. ಹೊಸ ಯಂತ್ರಗಳಲ್ಲಿ ಓದುವ ಪುಟ ಓಡದು, ಕಾಮೆಂಟು ಓಡುತ್ತದೆ ಎನ್ನುತ್ತಲೇ ಇತ್ತು. ಎಲ್ಲಕ್ಕಿಂತ ಪ್ರಾಮಾಣಿಕ ಎಂದೆನಲ್ಲ, ಅದೇ ಕಾಮೆಂಟು. ಬರೆದ ದಿನ ನಿಜ ಹೇಳಿತ್ತು, ಅಷ್ಟೆ.

ಇನ್ನು ನನ್ನ ಏಳನೆಯ ಬಿಟ್ಟಿಗೆ ಬರುತ್ತೇನೆ.

ಎಆರ್‌ಎಂನಲ್ಲಿ ತೊಡಕು ಬೇರೆ ಥರದ್ದು. ಆ ಕಾಲದ ಎಆರ್‌ಎಂ ಯಂತ್ರಾಂಶದಲ್ಲಿ ಲಿನಕ್ಸಿಗೆ ಬೇಕಾದ ಎರಡು ಗುರುತುಗಳು, ಪುಟವನ್ನು ಯಾರಾದರೂ ಮುಟ್ಟಿದರೇ, ಅದರ ಮೇಲೆ ಬರೆದರೇ ಎಂಬವು, ಇರಲಿಲ್ಲ. ಆದ್ದರಿಂದ ಲಿನಕ್ಸ್ ಪ್ರತಿ ನಮೂದಿಗೂ ಎರಡು ಪ್ರತಿ ಇಡುತ್ತದೆ. ಒಂದು ಪ್ರೊಸೆಸರ್ ಓದುವುದು, ಇನ್ನೊಂದು ತನ್ನ ಲೆಕ್ಕಕ್ಕೆ. ಅಂಗಡಿಯವರು ತೆರಿಗೆಗೆ ಒಂದು, ಮನೆಗೆ ಒಂದು ಪುಸ್ತಕ ಇಡುತ್ತಾರಲ್ಲ ಹಾಗೆ, ಆದರೆ ಇಲ್ಲಿ ಮೋಸವಿಲ್ಲ. ಇದನ್ನು ವಿವರಿಸುವ ಉದ್ದನೆಯ ಕಾಮೆಂಟು ಎಆರ್‌ಎಂ ಭಾಗದ ಹೆಡರ್ ಫೈಲಿನಲ್ಲಿದೆ. ಅದನ್ನು ಓದದೆ ಆ ಕೋಡ್ ಅರ್ಥವಾಗುವುದು ಕಷ್ಟ. ನಾನು 2008ರಲ್ಲಿ ಓದಿಯೇ ಬರೆದಿದ್ದೆ. ಲಿನಕ್ಸಿನ ಪ್ರತಿಯಲ್ಲಿ ಆಗ ಏಳನೆಯ ಬಿಟ್ ಎಂದರೆ ‘ಬರೆಯಬಹುದು’.

2010ರ ಕೊನೆಗೆ ಎಆರ್‌ಎಂ ಭಾಗ ನೋಡಿಕೊಳ್ಳುತ್ತಿದ್ದ ರಸೆಲ್ ಕಿಂಗ್ ಆ ಬಿಟ್ಟಿನ ಅರ್ಥ ತಿರುಗಿಸಿದರು. ‘ಬರೆಯಬಹುದು’ ಹೋಗಿ ‘ಓದಲು ಮಾತ್ರ’ ಬಂತು. ‘ಓಡಿಸಬಹುದು’ ಎಂಬುದು ‘ಓಡಿಸಲೇಬಾರದು’ ಆಯಿತು. ಹೊಸ ಎಆರ್‌ಎಂ ಪ್ರೊಸೆಸರುಗಳ ಯಂತ್ರಾಂಶವೂ ನಿಷೇಧದ ಭಾಷೆಯಲ್ಲೇ ಮಾತಾಡುತ್ತದೆ, ಆದ್ದರಿಂದ ಇದು ಸರಿಯಾದ ನಿರ್ಧಾರವೇ. ಜಾಗ ಅದೇ, ಏಳನೆಯದೇ. ಅವರು ಹೆಸರನ್ನೂ ಬದಲಿಸಿದ್ದರು. ಹಳೆಯ ಹೆಸರು ಬಳಸಿದ ಕೋಡ್ ಯಾವುದಿದ್ದರೂ ಕಂಪೈಲೇ ಆಗುತ್ತಿರಲಿಲ್ಲ, ಬರೆದವನು ಎದ್ದು ನೋಡುತ್ತಿದ್ದ. ನಾನು ಹೆಸರು ಬಳಸಿರಲಿಲ್ಲ. ಯಾವ ಅವಸರವೋ, ಯಾವ ಜಂಬವೋ, ನೇರ ಸಂಖ್ಯೆ ಬರೆದು ಪಕ್ಕದಲ್ಲಿ ಕಾಮೆಂಟು ಹಾಕಿದ್ದೆ. 2011ರ ಮಾರ್ಚಿನಲ್ಲಿ ಬಂದ 2.6.38ರಲ್ಲಿ ಈ ಬದಲಾವಣೆ ಸೇರಿತ್ತು. ನನ್ನ ಕೋಡ್ ಒಂದು ಅಕ್ಷರವೂ ಬದಲಾಗದೆ ಕಂಪೈಲ್ ಆಯಿತು. ಬಿಟ್ ತೆಗೆಯಿತು. ತೆಗೆದದ್ದು ಈಗ ನಿಷೇಧವನ್ನು.

ಅನುಮತಿಯ ತಪ್ಪುಗಳಲ್ಲಿ ಇದೊಂದು ಪಕ್ಷಪಾತವಿದೆ. ಕೊಡಬೇಕಾದ ಹಕ್ಕು ಕೊಡದಿದ್ದರೆ ಆ ದಿನವೇ ಪ್ರೋಗ್ರಾಂ ಕುಸಿದು ಬೀಳುತ್ತದೆ, ಯಾರಾದರೂ ಫೋನ್ ಮಾಡುತ್ತಾರೆ. ಕೊಡಬಾರದ್ದನ್ನು ಕೊಟ್ಟರೆ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಡೊಂಬಿವಲಿಯ ನಮ್ಮ ಸೊಸೈಟಿಯ ಟೆರೇಸಿನ ಬೀಗ ಕೆಟ್ಟಿರುವುದು ಕಳ್ಳತನವಾಗುವವರೆಗೆ ಯಾರಿಗೂ ತಿಳಿದಿರಲಿಲ್ಲ.

ದೊಡ್ಡವರಿಗೂ ಹೀಗೇ ಆಗಿದೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. 2016ರ ಅಕ್ಟೋಬರಿನಲ್ಲಿ ‘ಡರ್ಟಿ ಕೌ’ ಎಂದು ಹೆಸರಾದ ದೋಷ ಹೊರಬಂತು. ಮೇಲೆ ಹೇಳಿದ ‘ಬರೆಯುವ ಮೊದಲು ನಕಲು’ ವ್ಯವಸ್ಥೆಯದೇ ಬಿರುಕು. ನಕಲು ಮಾಡಿದ ಮೇಲೆ ಕರ್ನಲ್ ‘ಬರೆಯಲು ಬೇಕು’ ಎಂಬ ಗುರುತನ್ನು ಕೈಬಿಡುತ್ತಿತ್ತು. ಸರಿಯಾಗಿ ಆ ಗಳಿಗೆಯಲ್ಲಿ ಇನ್ನೊಂದು ಎಳೆ ಆ ನಕಲನ್ನು ಬಿಸಾಡಿದರೆ, ಕರ್ನಲ್ ಮತ್ತೆ ಹುಡುಕುವಾಗ ಮೂಲ ಪುಟವೇ ಸಿಕ್ಕಿ ಅದರ ಮೇಲೆಯೇ ಬರೆಯುತ್ತಿತ್ತು. ಓದಲು ಮಾತ್ರ ಹಕ್ಕಿದ್ದ ಸಾಮಾನ್ಯ ಬಳಕೆದಾರ ವ್ಯವಸ್ಥೆಯ ಫೈಲುಗಳನ್ನು ತಿದ್ದಬಹುದಾಗಿತ್ತು. ತಿದ್ದುಪಡಿಯ ಜೊತೆ ಟೋರ್ವಾಲ್ಡ್ಸ್ ಬರೆದ ಟಿಪ್ಪಣಿಯಲ್ಲಿ, ಇದನ್ನು ಹನ್ನೊಂದು ವರ್ಷ ಹಿಂದೆ ತಾವೇ ಒಮ್ಮೆ ಕೆಟ್ಟದಾಗಿ ಸರಿಪಡಿಸಲು ನೋಡಿದ್ದನ್ನೂ, ಇನ್ನೊಂದು ಯಂತ್ರದ ತೊಂದರೆಯಿಂದ ಅದನ್ನು ಹಿಂತೆಗೆದದ್ದನ್ನೂ ಒಪ್ಪಿಕೊಂಡಿದ್ದಾರೆ. ಹೊಸ ಪರಿಹಾರದಲ್ಲಿ ‘ನಕಲಾಗಿದೆ’ ಎಂಬುದಕ್ಕೇ ಒಂದು ಬೇರೆ ಗುರುತು ಬಂತು. ಒಂದೇ ಗುರುತಿಗೆ ಎರಡು ಅರ್ಥ ಹೊರಿಸಿದ್ದೇ ಮೂಲ ಕಾಯಿಲೆಯಾಗಿತ್ತು.

2018ರಲ್ಲಿ ಇನ್ನೂ ದೊಡ್ಡ ಆಘಾತ. ಜನವರಿಯ ಮೆಲ್ಟ್‌ಡೌನ್ ಸುದ್ದಿ ನಿಮಗೆ ನೆನಪಿರಬಹುದು. ‘ಇದು ಕರ್ನಲ್ಲಿಗೆ ಮಾತ್ರ’ ಎಂಬ ಬಿಟ್ಟನ್ನು ಪ್ರೊಸೆಸರ್ ನೋಡುತ್ತಿತ್ತು, ಆದರೆ ಮುಂಗಡ ಊಹೆಯಲ್ಲಿ ಕೆಲಸ ಮುಗಿಸಿದ ಮೇಲೆ. ಆಗಸ್ಟಿನಲ್ಲಿ ಬಂದದ್ದು ನನಗೆ ಇನ್ನೂ ವಿಚಿತ್ರ ಎನಿಸಿತು. ಬಿಟ್ ಸೊನ್ನೆ ‘ಪುಟ ಇಲ್ಲ’ ಎಂದರೆ ಉಳಿದ ಬಿಟ್ಟುಗಳನ್ನು ಪ್ರೊಸೆಸರ್ ನೋಡುವುದಿಲ್ಲ, ನೀವು ಏನು ಬೇಕಾದರೂ ಬರೆದುಕೊಳ್ಳಿ ಎಂಬುದು ಕೈಪಿಡಿಯ ಮಾತು. ಲಿನಕ್ಸ್ ಅದನ್ನು ನಂಬಿ, ಯಾವ ಹಕ್ಕೂ ಇಲ್ಲದ ಪುಟಗಳಿಗೆ ‘ಇಲ್ಲ’ ಎಂದು ಯಂತ್ರಕ್ಕೆ ಹೇಳಿ, ‘ಇದೆ, ಆದರೆ ಮುಟ್ಟುವಂತಿಲ್ಲ’ ಎಂಬ ತನ್ನ ಗುರುತನ್ನು ಎಂಟನೆಯ ಬಿಟ್ಟಿನಲ್ಲಿ ಇಟ್ಟುಕೊಂಡಿತ್ತು. ಯಂತ್ರದ ‘ಇದೆ’ ಬೇರೆ, ಕರ್ನಲ್ಲಿನ ‘ಇದೆ’ ಬೇರೆ ಎಂದು ಎಚ್ಚರಿಸುವ ಒಂದು ಸಾಲಿನ ಕಾಮೆಂಟು ಅಲ್ಲಿದೆ. ಆದರೆ ಇಂಟೆಲ್ ಪ್ರೊಸೆಸರುಗಳು ಊಹೆಯ ಹೊತ್ತಿನಲ್ಲಿ ಆ ‘ಇಲ್ಲ’ದ ನಮೂದಿನ ವಿಳಾಸವನ್ನೂ ಬಳಸಿ ಹತ್ತಿರದ ಕ್ಯಾಷಿನಲ್ಲಿ ಇಣುಕುತ್ತಿದ್ದವು. ಅಂಥ ನಮೂದುಗಳಲ್ಲಿ ವಿಳಾಸದ ಬಿಟ್ಟುಗಳನ್ನೇ ತಲೆಕೆಳಗು ಮಾಡಿ ಇಡುವುದು ಲಿನಕ್ಸ್ ಕಂಡುಕೊಂಡ ಪರಿಹಾರ. ಇಲ್ಲಿ ತಪ್ಪಿದ್ದು ಕೋಡಿನ ಕಾಮೆಂಟಲ್ಲ, ಯಂತ್ರದ ಕೈಪಿಡಿ.

ಆ ಹಳೆಯ ಕೋಷ್ಟಕಕ್ಕೆ ಕೊನೆಗೂ ಕೈ ಹತ್ತಿತು. 2016ರಲ್ಲಿ 64 ಬಿಟ್ ಎಆರ್‌ಎಂಗೆ ‘ಓಡಿಸಬಹುದು, ಓದುವಂತಿಲ್ಲ’ ಎಂಬ ಪುಟಗಳು ಬಂದಾಗ ಕೆಳಗೆ ಒಂದು ಬಾಲಂಗೋಚಿ ಸೇರಿತು. 2020ರಲ್ಲಿ ಆ ಸೌಲಭ್ಯವನ್ನು ಹಿಂತೆಗೆದರು, ಮರುವರ್ಷ ಯಂತ್ರಾಂಶದ ಹೊಸ ನೆರವಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ ಮತ್ತೆ ತಂದರು. ಈ ಸಲ ಟಿಪ್ಪಣಿಯೂ ಜೊತೆಗೇ ಬದಲಾಯಿತು. ಓದು, ಬರೆ, ಓಡಿಸು, ಹಂಚಿಕೊ ಎಂಬ ನಾಲ್ಕರಿಂದ ಹುಟ್ಟುವ ಹದಿನಾರು ಸಾಧ್ಯತೆಗಳ ಪಟ್ಟಿಯನ್ನು ಎಲ್ಲ ಯಂತ್ರಗಳಿಗೂ ಒಂದೇ ಕಡೆ ಇಡುವ ಬದಲು ಆಯಾ ಯಂತ್ರದ ಕೋಡಿಗೇ ಒಪ್ಪಿಸುವ ಕೆಲಸವನ್ನು 2022ರಲ್ಲಿ ಅಂಶುಮಾನ್ ಖಂಡುವಾಲ್ ಒಂದೊಂದೇ ಪ್ಯಾಚಾಗಿ ಮಾಡಿದರು. ಇಂಥ ಕೆಲಸಕ್ಕೆ ಸುದ್ದಿಯಿಲ್ಲ, ಹೆಸರಿಲ್ಲ. ಮಾಡುವವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಮಹಾಪೆಯಲ್ಲಿ ಹನ್ನೆರಡನೆಯ ದಿನ ನಾನು ಎಲ್ಲರಿಗೂ ಒಂದು ಮೇಲ್ ಬರೆದೆ. ದೋಷ ಎರಡು, ಒಂದು ಅವಳದು, ಒಂದು ನನ್ನದು, ನನ್ನದು ಇಲ್ಲದಿದ್ದರೆ ಅವಳದು ಪರೀಕ್ಷೆಯ ಮೇಜಿನ ಮೇಲೇ ಸಿಕ್ಕಿಬೀಳುತ್ತಿತ್ತು ಎಂದು. ಮೀಟಿಂಗಿನಲ್ಲಿ ನಾನು ಓದಿಹೇಳಿದ ಕಾಮೆಂಟು ತಪ್ಪಾಗಿತ್ತು ಎಂಬುದನ್ನೂ ಸೇರಿಸಿದೆ. ಅಷ್ಟರಲ್ಲಿ ಅವಳ ವರ್ಷದ ಅಪ್ರೈಸಲ್ ಕಾಗದಕ್ಕೆ ಸಹಿ ಬಿದ್ದಾಗಿತ್ತು. ತಿದ್ದಿಸಲು ಎರಡು ಸಲ ಮೇಲಿನವರ ಹತ್ತಿರ ಹೋದೆ, ಆಗಲಿಲ್ಲ. ಆರು ತಿಂಗಳಲ್ಲಿ ಅವಳು ಬೆಂಗಳೂರಿನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದಳು. ಹೋಗುವ ಮುಂಚೆ ಡ್ರೈವರಿನ ಆ ಜಾಗವನ್ನು ನಾವಿಬ್ಬರೂ ಕೂತು ತಿದ್ದಿದೆವು. ಸಂಖ್ಯೆ ಹೋಗಿ ಹೆಸರು ಬಂತು. ನಾನು ಎಂದಿನಂತೆ ಪಕ್ಕದಲ್ಲಿ ವಿವರಣೆ ಬರೆಯಲು ಹೊರಟೆ. “ಬ್ಯಾಡ ಸರ್, ಹೆಸರೇ ಹೇಳ್ತದ,” ಎಂದು ಕೀಬೋರ್ಡು ತನ್ನ ಕಡೆ ಎಳೆದುಕೊಂಡಳು. ಯಾಕೆ ಸಂಖ್ಯೆ ಬರೆಯಕೂಡದು, 2.6.38ರಲ್ಲಿ ಏನಾಯಿತು ಎಂದು ಮೂರು ಸಾಲು ಬರೆದಳು. ಅದರ ಕೆಳಗೆ, ಸ್ವಲ್ಪ ಹೊತ್ತು ಯೋಚಿಸಿ, ಓದಲು ಮಾತ್ರ ಇರುವ ಜಾಗಕ್ಕೆ ಬೇಕೆಂದೇ ಬರೆಯಲು ಹೋಗಿ ಪ್ರೋಗ್ರಾಂ ಸಾಯುತ್ತದೆಯೇ ಎಂದು ನೋಡುವ ಹತ್ತು ಸಾಲಿನ ಪರೀಕ್ಷೆಯೊಂದನ್ನು ಸೇರಿಸಿದಳು. ಓಡಿಸಿದೆವು. ಸತ್ತಿತು.